ಕಿಮ್ಮತ್ತಣ್ಣನ ಗಾಡಿ

ಕಿಮ್ಮತ್ತಣ್ಣ ಕಾರು ಕೊಳ್ಳುವುದು ಓಡಿಸುವುದಕ್ಕಲ್ಲ, ಮಾರುವುದಕ್ಕೆ. ನಡುವೆ ಐದಾರು ವರ್ಷ ಓಡಿಸಬೇಕಾಗಿ ಬರುವುದು ಅವನ ಪಾಲಿಗೆ ತಪ್ಪಿಸಲಾಗದ ಲುಕ್ಸಾನು. ಶೋರೂಮಿನಲ್ಲಿ ಹೆಂಡತಿ ಕೆಂಪು ಅಂದಳು, ಮಗಳು ನೀಲಿ ಅಂದಳು. ಅವನು ಬಿಳಿ ಡಿಜೈರ್ ತಂದ. “ಕೆಂಪಂದು ನಿಮಗ ಸೇರತೈತಿ. ನಾಳೆ ತಗೊಳ್ಳಾವಗ ಸೇರಬೇಕಲ್ಲ?” ಆ ನಾಳೆ ತಗೊಳ್ಳುವವನು ಯಾರು, ಯಾವ ಊರಿನವನು, ಅವನಿಗೆ ಲೈಸೆನ್ಸ್ ತೆಗೆಸುವ ವಯಸ್ಸಾದರೂ ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಆ ಮನೆಯಲ್ಲಿ ನಡೆಯುವುದು ಅವನ ಮಾತೇ.

ಅವನಿಗೆ ಅಪ್ಪ-ಅಮ್ಮ ಇಟ್ಟ ಹೆಸರು ಬೇರೆ ಇದೆ, ಊರು ಮರೆತಿದೆ. ಇಂಥವನು ರೋಣದಲ್ಲಿ ಒಬ್ಬ, ನರಗುಂದದಲ್ಲಿ ಒಬ್ಬ ಇದ್ದಾನೆ. ಗಜೇಂದ್ರಗಡದಲ್ಲಿ ಇಬ್ಬರಿದ್ದಾರೆ, ಒಬ್ಬರಿಗೊಬ್ಬರು ಮಾತಿಲ್ಲ. ನಾನು ಹೇಳುತ್ತಿರುವುದು ರೋಣದವನ ಸುದ್ದಿ. ಅಡತಿ ಅಂಗಡಿ ಅವನದು. ಹೆಸರುಕಾಳಿನ ಚೀಲ ಬಂದರೆ ಮೇಲಿನ ಕಾಳು ನೋಡಿ ನಂಬುವ ಕುಳವಲ್ಲ. ಚೀಲದ ಹೊಟ್ಟೆಗೇ ಕೊಳವೆ ಚುಚ್ಚಿ ನಡುವಿನ ಕಾಳು ತೆಗೆದು, ಅಂಗೈಯಲ್ಲಿ ಹರಡಿ, ಬೆಳಕಿಗೆ ಹಿಡಿದು ನೋಡುವವನು. ತನ್ನ ಗಾಡಿಯ ವಿಷಯದಲ್ಲಿ ಮಾತ್ರ ಜನ ಮೇಲಿನ ಕಾಳನ್ನಷ್ಟೇ ನೋಡಲಿ ಎಂದು ಬಯಸುತ್ತಾನೆ.

ಸೀಟಿನ ಮೇಲೆ ಕಂಪನಿ ಹೊದಿಸಿ ಕಳಿಸಿದ ಪ್ಲಾಸ್ಟಿಕ್ ಇನ್ನೂ ಹಾಗೇ ಇದೆ. ಅದರ ಮೇಲೊಂದು ಸೀಟ್ ಕವರು, ಕವರಿನ ಮೇಲೊಂದು ಟರ್ಕಿ ಟವೆಲ್ಲು. ಬೇಸಿಗೆಯಲ್ಲಿ ಕೂತವರು ಎದ್ದರೆ ಸೀಟೂ ಜೊತೆಗೆ ಎದ್ದು ಬರುತ್ತದೆ. ಒಳಗೆ ಗಿರಮಿಟ್ಟು ತಿನ್ನುವಂತಿಲ್ಲ, ಮಿರ್ಚಿಯ ಹೆಸರೆತ್ತುವಂತಿಲ್ಲ. ಗಜೇಂದ್ರಗಡದ ಕಾಲಕಾಲೇಶ್ವರನ ಜಾತ್ರೆಗೆ ಹೋಗಿ ಬರುವಾಗ ಮಗ ಹೊಟ್ಟೆ ತೊಳಸುತ್ತದೆ ಅಂದರೆ ಮೊದಲು ಗಾಡಿ ನಿಲ್ಲುತ್ತದೆ, ಆಮೇಲೆ ಬಾಗಿಲು ತೆರೆಯುತ್ತದೆ, ಹುಡುಗ ಹೊರಗೆ ಹೋಗುತ್ತಾನೆ, ಕೊನೆಗೆ ತಂದೆ “ಏನಾತೋ?” ಅಂತ ಕೇಳುತ್ತಾನೆ.

ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವ ದಿನ ಆ ಮನೆಯವರ ಪಾಡು ನೋಡಬೇಕು. ರೋಣದ ಸುತ್ತಲೆಲ್ಲ ಎರೆಹೊಲ. ಹಿಂಗಾರಿ ಮಳೆ ಒಂದು ಹದ ಬಿತ್ತೆಂದರೆ ಆ ಮಣ್ಣು ಚಪ್ಪಲಿಯನ್ನು ತಾನಿಟ್ಟುಕೊಂಡು ಕಾಲನ್ನಷ್ಟೇ ವಾಪಸು ಕೊಡುತ್ತದೆ. ಊರಿನವರೆಲ್ಲ ಟ್ರ್ಯಾಕ್ಟರು, ಚಕ್ಕಡಿ, ಟಂಟಂ ಹತ್ತಿ ಬದುವಿನವರೆಗೂ ಹೋದರೆ, ಕಿಮ್ಮತ್ತಣ್ಣ ಡಾಂಬರು ಮುಗಿಯುವಲ್ಲೇ ಗಾಡಿ ನಿಲ್ಲಿಸುತ್ತಾನೆ. ಅಲ್ಲಿಂದ ಮುಂದೆ ಸಜ್ಜಿರೊಟ್ಟಿ, ಕಡುಬು, ಎಣಗಾಯಿಪಲ್ಲೆಯ ಬುಟ್ಟಿ ಹೆಂಡತಿಯ ತಲೆಯ ಮೇಲೆ. ಮಕ್ಕಳ ಚಪ್ಪಲಿ ಮಕ್ಕಳ ಕೈಯಲ್ಲಿ. ಅವನು ಗಾಡಿಯ ಹತ್ತಿರವೇ ಇರುತ್ತಾನೆ, ಯಾವುದಾದರೂ ಎಮ್ಮೆ ಬಂದು ಮೈ ತಿಕ್ಕೀತು ಎಂದು. ಐದು ಕಲ್ಲಿನ ಪಾಂಡವರಿಗೆ ಪೂಜೆಯಾಗಿ, ಚರಗ ಚೆಲ್ಲಿ, ಉಂಡು ತಿರುಗಿ ಬಂದರೆ ಎದುರಿಗೆ ಒಂದು ಕ್ಯಾನು ನೀರು, ಒಂದು ಗೋಣಿತಟ್ಟು. ಎಲ್ಲರೂ ಮೊಣಕಾಲತನಕ ಕಾಲು ತೊಳೆಯಬೇಕು. ಮುದುಕಿಗೆ ಬಗ್ಗಿ ತೊಳೆಯಲು ಆಗುವುದಿಲ್ಲ. ಅದಕ್ಕೂ ಅವನಲ್ಲಿ ಉಪಾಯವಿದೆ: “ಅವ್ವಾ, ನೀ ಟ್ರ್ಯಾಕ್ಟರದಾಗ ಬಾ. ಗಾಳಿ ಚಲೋ ಬರತೈತಿ.”

ಇಷ್ಟು ಜೋಪಾನ ಮಾಡುವವನ ಗಾಡಿ ಒಳಗೂ ಹೂವಿನಂತಿರಬೇಕಲ್ಲ ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗುತ್ತದೆ, ಯಾಕೆಂದರೆ ಗಿರಾಕಿ ಮೊದಲು ಎಳೆದು ನೋಡುವುದೇ ಆಯಿಲ್ ಕಡ್ಡಿಯನ್ನು. ಸರ್ವಿಸ್ ಬಿಲ್ಲುಗಳನ್ನು ಲ್ಯಾಮಿನೇಷನ್ ಮಾಡಿಸಿ ಮನೆಪತ್ರದ ಜೊತೆಗಿಟ್ಟಿದ್ದಾನೆ. ಬ್ರೇಕ್ ಆಯಿಲಿನ ಮಾತು ಬಂದಾಗ ಮಾತ್ರ ಮಿಸ್ತ್ರಿಗೂ ಅವನಿಗೂ ಜಟಾಪಟಿ. ಅದು ಗಾಳಿಯೊಳಗಿನ ನೀರಿನಂಶ ಹೀರಿಕೊಳ್ಳುತ್ತದೆ, ಹೀರಿಕೊಂಡರೆ ಬೇಗ ಕುದಿಯುತ್ತದೆ, ಕುದಿದರೆ ಇಳಿಜಾರಿನಲ್ಲಿ ಬ್ರೇಕು ಮೆತ್ತಗಾಗುತ್ತದೆ, ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು ಎಂದು ಮಿಸ್ತ್ರಿ ಬಿಡಿಸಿ ಹೇಳಿದ.

“ತಗೊಳ್ಳಾವ ಅದನ್ನ ನೋಡತಾನೇನು?”

“ಇಲ್ರಿ. ಯಮ ನೋಡತಾನ್ರಿ.”

“ಯಮ ಗಿರಾಕಿ ಅಲ್ಲ ಬಿಡು.”

ಸ್ಟೆಪ್ನಿ ಟೈರಿನ ಗಾಳಿಗೂ ಇದೇ ನ್ಯಾಯ.

ಪೇಪರು ಓದುವುದೂ ಅವನು ಇದೇ ಕಣ್ಣಿನಿಂದ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟೂ ಹೂಂ ಅಂದಿತು. ಎಲ್ಲರೂ ಅಲ್ಲಿನ ಹೊಗೆಯ ಬಗ್ಗೆ ಮಾತಾಡಿದರೆ ಇವನು ತಲೆಯ ಮೇಲೆ ಕೈಹೊತ್ತು ಕೂತ. ಅಲ್ಲಿ ಬೇಡವಾದ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬಂದರೆ ತನ್ನದರ ಗತಿ? 2020ರ ಏಪ್ರಿಲಿನಲ್ಲಿ ಬಿಎಸ್-6 ಬಂದು ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದಾಗ, ಊರೆಲ್ಲ ಲಾಕ್‌ಡೌನಿನಲ್ಲಿ ಮುಖ ಸಣ್ಣದು ಮಾಡಿಕೊಂಡಿದ್ದರೆ, ಇವನ ಮನೆಯಲ್ಲಿ ಶಿರಾ ಆಗಿತ್ತು. ಇನ್ನು ಹೊಸ ಡೀಸೆಲ್ ಡಿಜೈರ್ ಇಲ್ಲ, ಇದ್ದದ್ದಕ್ಕೇ ಕಿಮ್ಮತ್ತು.

ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಿಗೆ ಹಾಡಿನಷ್ಟೇ ಕಾರಿನ ಹುಚ್ಚೂ ಇತ್ತು, ಎಂಜಿನ್ ಕೆಲಸವೂ ಚೆನ್ನಾಗಿ ಗೊತ್ತಿತ್ತು, ಕಛೇರಿಗಳಿಗೆ ದೂರದೂರಕ್ಕೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು ಎಂದು ಯಾರೋ ಹೇಳಿದರು. ಕಿಮ್ಮತ್ತಣ್ಣ ನಿಜವಾಗಿ ನೊಂದುಕೊಂಡ. “ಛೇ! ಅಷ್ಟು ದೊಡ್ಡವರು. ಮೀಟರ್ ಎಷ್ಟಾಗಿರಬೇಕು!”

ಮಾರುವ ಕಾಲ ಬಂತು. ಈ ಸೀಮೆಯಲ್ಲಿ ಒಂದು ಕಟ್ಟುನಿಟ್ಟು ಉಂಟು: ಗಾಡಿಯನ್ನು ಇದ್ದೂರಲ್ಲಿ ಮಾರುವಂತಿಲ್ಲ. ಇದ್ದೂರಲ್ಲಿ ಅದರ ಜಾತಕ ಚಹಾದಂಗಡಿಯ ಹುಡುಗನಿಗೂ ಗೊತ್ತು. ಯಾವ ಮದುವೆ ದಿಬ್ಬಣದಲ್ಲಿ ಯಾವ ಕಟ್ಟೆಗೆ ತಾಗಿತು, ಯಾವ ಮಿಸ್ತ್ರಿ ಹತ್ತಿರ ಎಷ್ಟು ದಿನ ಬಾಯಿ ತೆರೆದು ನಿಂತಿತ್ತು, ಎಲ್ಲ. ಹಾಗಾಗಿ ರೋಣದ ಗಾಡಿ ನರಗುಂದಕ್ಕೆ, ನರಗುಂದದ್ದು ಗಜೇಂದ್ರಗಡಕ್ಕೆ, ಗಜೇಂದ್ರಗಡದ್ದು ರೋಣಕ್ಕೆ. ಮೂರೂ ಊರಿನವರು ತಮ್ಮೂರಲ್ಲಿ ಸಿಗದ ಒಳ್ಳೆಯ ಗಾಡಿ ಪಕ್ಕದೂರಲ್ಲಿ ಸಿಗುತ್ತದೆ ಎಂದು ನಂಬಿದ್ದಾರೆ.

ಮೂರೂ ಊರಿಗೆ ಅವುಗಳದೇ ಗುಟ್ಟು. ರೋಣದ ಸುತ್ತ ನೆಲ ಹಾಸಿದಂತೆ ಸಪಾಟು. ಕ್ಲಚ್ಚು ಸವೆದಿದ್ದರೂ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಗಜೇಂದ್ರಗಡದ ಗುಡ್ಡಕ್ಕೆ ಎರಡನೇ ಗೇರಿನಲ್ಲಿ ಹತ್ತಿಸಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಅಲ್ಲೇ ಇರುತ್ತದೆ, ಆಗ ತಿಳಿಯುತ್ತದೆ. ಗಜೇಂದ್ರಗಡದವರು ಗಾಡಿಯನ್ನು ಸದಾ ಇಳಿಜಾರಿಗೆ ಮುಖಮಾಡಿ ನಿಲ್ಲಿಸಿದ್ದರೆ ಅದು ಗುಡ್ಡದ ಗಾಳಿಯಂತ್ರ ನೋಡಲಿ ಎಂದಲ್ಲ, ಬ್ಯಾಟರಿ ಸತ್ತಿದೆ. ನರಗುಂದದವರದ್ದು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಓಡಿದ ಗಾಡಿ. ಬಾಡಿ ಹೊಸದು, ಮೀಟರು ಹಳೆಯದು. ಆ ಮೀಟರನ್ನೂ ಈಗ ಲ್ಯಾಪ್‌ಟಾಪು ಹಚ್ಚಿ ಹಿಂದಕ್ಕೆ ತಿರುಗಿಸುತ್ತಾರೆ. ನಲವತ್ತು ಸಾವಿರ ಕಿಲೋಮೀಟರ್ ತೋರಿಸುವ ಗಾಡಿಗೆ ಕ್ಲಚ್ ಪೆಡಲಿನ ರಬ್ಬರು ಹೊಚ್ಚ ಹೊಸದಿದ್ದರೆ, ಹಳೆಯದು ಏನು ಕಂಡು ಸವೆಯಿತು ಎಂದು ಕೇಳಬೇಕಾಗುತ್ತದೆ. ಅಂದಹಾಗೆ ನರಗುಂದದ ಕಿಮ್ಮತ್ತಣ್ಣನಿಗೆ ಬೇರೆ ಯಾರಿಗೂ ಇಲ್ಲದ ಒಂದು ಸಂಕಟವಿದೆ. ಅಲ್ಲಿನ ಹಳೆಯ ಓಣಿಗಳ ಕೆಳಗೆ ಕಾಳು ಕೂಡಿಡುತ್ತಿದ್ದ ಹಗೇವುಗಳು. ಅಂತರ್ಜಲ ಏರಿ ಈಚಿನ ವರ್ಷಗಳಲ್ಲಿ ಎಲ್ಲೆಂದರಲ್ಲಿ ನೆಲ ಕುಸಿಯುತ್ತಿದೆ. ಗಾಡಿ ನಿಲ್ಲಿಸುವ ಮೊದಲು ಅವನು ಹಾರೆಯಿಂದ ನೆಲ ಬಡಿದು ಸಪ್ಪಳ ಕೇಳುತ್ತಾನೆ.

ನಮ್ಮವನು ಮೂರು ದಿನ ಅಂಗಡಿಗೆ ಹೋಗಲಿಲ್ಲ. ಎಂಜಿನ್ನಿಗೆ ಸ್ನಾನ, ಚಕ್ರಕ್ಕೆ ಕಪ್ಪು, ಬಂಪರಿಗೆ ಟಚಪ್. ಎಂಜಿನ್ನಿನ ಕಟಕಟ ಸದ್ದಿಗೆ ಮಂದ ಎಣ್ಣೆ. ಆ ಮಾದರಿಗೆ ಹಾಕಬೇಕಾದ್ದಕ್ಕಿಂತ ದಪ್ಪದ್ದು ಹಾಕಿದರೆ ಹಳೆಯ ಎಂಜಿನ್ನೂ ಒಂದೆರಡು ತಿಂಗಳು ಮೌನವ್ರತ ಹಿಡಿಯುತ್ತದೆ. ಮೊಟ್ಟಮೊದಲ ಬಾರಿಗೆ ಸೀಟಿನ ಪ್ಲಾಸ್ಟಿಕ್ ತೆಗೆದ. ಹೆಂಡತಿ ಬಾಗಿಲಲ್ಲಿ ನಿಂತು ಬೂದಿಬಣ್ಣದ ಆ ಮೆತ್ತನೆ ಸೀಟು ನೋಡಿ, “ಇದು ಹಿಂಗಿತ್ತೇನು?” ಅಂದಳು. ಕೂತು ನೋಡುತ್ತೇನೆ ಅಂದದ್ದಕ್ಕೆ ಅವನು ಒಪ್ಪಲಿಲ್ಲ.

ಇದೆಲ್ಲ ಕಾರಿನ ಕಾಲದಲ್ಲಿ ಹುಟ್ಟಿದ ವಿದ್ಯೆಯಲ್ಲ. ಇವನ ಅಜ್ಜ ದನದ ಸಂತೆಗೆ ಎತ್ತು ಹೊಡೆದುಕೊಂಡು ಹೋಗುವ ಮೊದಲು ಕೊಂಬು ಹೆರೆದು ಎಣ್ಣೆ ಹಚ್ಚುತ್ತಿದ್ದ, ಉಪ್ಪು ನೆಕ್ಕಿಸಿ ನೀರು ಕುಡಿಸಿ ಹೊಟ್ಟೆ ದುಂಡಗೆ ಮಾಡುತ್ತಿದ್ದ. ಆದರೆ ಅವನು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮುರಿದ ಮೇಲೆ, ಕಣ್ಣಿ ಕೈಗೆ ಕೊಡುವಾಗ “ಎಡಗಡೆಯಿಂದ ಹೋಗಬ್ಯಾಡಪಾ, ಒದೀತೈತಿ” ಎಂದು ಹೇಳುತ್ತಿದ್ದನಂತೆ. ರೊಕ್ಕ ಎಣಿಸಿಕೊಂಡ ಮೇಲೆಯೇ ಹೇಳುತ್ತಿದ್ದ, ಒಪ್ಪೋಣ. ಹೇಳುತ್ತಿದ್ದನಲ್ಲ! ಮೊಮ್ಮಗನ ಧರ್ಮ ಬೇರೆ: “ಕೇಳಿದ್ರ ಹೇಳತೇನಿ. ಕೇಳಲಾರದ್ದು ಹೇಳಾಕ ನಾ ಏನು ಧಾರವಾಡ ರೇಡಿಯೋ?” ಕೊಳ್ಳುವವನೇ ಕಣ್ಣು ತೆರೆದು ಕೊಳ್ಳಬೇಕು ಎಂಬ ಹಳೆಯ ನ್ಯಾಯ 1930ರ ಸರಕು ಮಾರಾಟ ಕಾಯ್ದೆಯ ಬೆನ್ನಿಗೂ ಇದೆ, ಅದರ ಅಪವಾದಗಳನ್ನು ಮಾತ್ರ ಇವನು ಓದಿಲ್ಲ. 1970ರಲ್ಲಿ ಅಮೆರಿಕದ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಹಳೆಯ ಕಾರುಗಳ ಬಗ್ಗೆಯೇ ಒಂದು ಲೇಖನ ಬರೆದ. ಮಾರುವವನಿಗೆ ಎಲ್ಲ ಗೊತ್ತು, ಕೊಳ್ಳುವವನಿಗೆ ಏನೂ ಗೊತ್ತಿಲ್ಲ ಎಂದಾದರೆ ಕೊಳ್ಳುವವನು ಎಲ್ಲ ಗಾಡಿಯನ್ನೂ ಕೆಟ್ಟದ್ದೆಂದೇ ಹಿಡಿದು ರೇಟು ಇಳಿಸುತ್ತಾನೆ. ಒಳ್ಳೆಯ ಗಾಡಿಯವನು ಆ ರೇಟಿಗೆ ಮಾರಲಾರದೆ ಮನೆಗೆ ಹೋಗುತ್ತಾನೆ. ಸಂತೆಯಲ್ಲಿ ಉಳಿಯುವುದು ಕೆಟ್ಟವೇ. ಇದಕ್ಕೆ 2001ರಲ್ಲಿ ನೊಬೆಲ್ ಸಿಕ್ಕಿತು. ರೋಣದ ಮಿಸ್ತ್ರಿಗೆ ಇದನ್ನು ಹೇಳಿದೆ. “ಮತ್ತ, ರಿಪೇರಿ ಮಾಡಾವಗ ಎಲ್ಲಾ ಗೊತ್ತಿರತೈತಿ ಅಂತ ಬರದಿಲ್ಲೇನ್ರಿ ಅವರು?” ಅಂದ.

ನರಗುಂದದಲ್ಲಿ ಗಿರಾಕಿ ಸಿಕ್ಕ. ಯಾರೆಂದು ಬೇರೆ ಹೇಳಬೇಕೆ? ಅಲ್ಲಿನ ಕಿಮ್ಮತ್ತಣ್ಣನೇ. ಅವನು ನಮಸ್ಕಾರಕ್ಕೂ ಮೊದಲು ಬಾನೆಟ್ಟಿನ ಮೇಲೆ ಅಂಗೈ ಊರಿದ.

“ಬಿಸಿ ಐತಲ್ಲ?”

“ರೋಣದಿಂದ ಓಡಿಸಿಕೊಂಡು ಬಂದೇನ್ರಿ. ತಲಿಮ್ಯಾಲೆ ಹೊತ್ತು ತರಬೇಕಿತ್ತೇನು?”

“ಆರಲಿ. ಚಾ ಕುಡಿಯೂಣು.”

ಬಿಸಿ ಎಂಜಿನ್ ಎಂಥದ್ದಾದರೂ ಒಂದೇ ಕೀಲಿಗೆ ಎದ್ದು ನಿಲ್ಲುತ್ತದೆ, ತಣ್ಣಗಾದಾಗಲೇ ಅದರ ನಿಜ ಬಣ್ಣ ಎಂದು ಇಬ್ಬರಿಗೂ ಗೊತ್ತು. ಆದ್ದರಿಂದ ಚಹಾ ಬಂತು, ಮತ್ತೊಮ್ಮೆ ಬಂತು, ಮಂಡಕ್ಕಿ ಬಂತು, ಮಹದಾಯಿ ನೀರಿನ ಮಾತು ಬಂದು ಹೋಯಿತು. ಆಮೇಲೆ ನರಗುಂದದವನು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕನ್ನಡಕ ಏರಿಸಿ, ಅಂಚಿನಲ್ಲಿ ಒತ್ತಿದ ನಾಲ್ಕು ಅಂಕಿ ಓದಿದ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಒಳಗೆ ಹೋಗಿ ಸೀಟ್ ಬೆಲ್ಟನ್ನು ಸುರುಳಿ ಮುಗಿಯುವವರೆಗೂ ಎಳೆದು, ತುದಿಯನ್ನು ಮೂಗಿಗೆ ಹಿಡಿದ. 2009ರ ಅಕ್ಟೋಬರಿನಲ್ಲೂ 2019ರ ಆಗಸ್ಟಿನಲ್ಲೂ ಮಲಪ್ರಭೆ ಉಕ್ಕಿದ ಸೀಮೆ ಇದು. ಕೊಣ್ಣೂರು, ಹೊಳೆಆಲೂರು ಕಡೆ ಮನೆಗಳೊಳಗೇ ನೀರು ನಿಂತಿತ್ತು. ನೀರಲ್ಲಿ ನಿಂತ ಗಾಡಿಯ ಸೀಟು ತೊಳೆಯಬಹುದು, ಮ್ಯಾಟು ಬದಲಿಸಬಹುದು. ಬೆಲ್ಟಿನ ಸುರುಳಿಯ ಒಳತುದಿಯಲ್ಲಿ ಕೂತ ರಾಡಿಯ ಗೆರೆಯನ್ನು ಯಾರೂ ತೊಳೆಯುವುದಿಲ್ಲ.

“ಆ್ಯಕ್ಸಿಡೆಂಟ್ ಆಗೈತೇನು?”

“ನನ್ನ ಗಾಡಿ ಇವತ್ತಿನತನಾ ಯಾರಿಗೂ ಹೊಡದಿಲ್ರಿ. ದೇವರಾಣಿ.”

ಈ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಹೊಡೆದದ್ದು ಎಮ್ಮೆ.

ಎಲ್ಲ ನೋಡಿದ ಅವನು ಬ್ರೇಕ್ ಆಯಿಲ್ ಒಂದನ್ನು ಮಾತ್ರ ನೋಡಲಿಲ್ಲ. ತಾನೂ ಎಂದೂ ಹಾಕಿಸಿದವನಲ್ಲ, ನೆನಪಾಗುವುದಾದರೂ ಹೇಗೆ? ಸಂಜೆಗೆ ರೇಟು ಮುರಿಯಿತು. ಇಬ್ಬರೂ ತಾವೇ ಗೆದ್ದೆವೆಂದು ಒಳಗೊಳಗೇ ನಕ್ಕರು. ಫಾರಂ 29, ಫಾರಂ 30ಕ್ಕೆ ನಮ್ಮವನು ಸಹಿ ಹಾಕಿಕೊಟ್ಟ. ತಾರೀಖಿನ ಜಾಗ ಖಾಲಿ, ಕೊಳ್ಳುವವನ ಹೆಸರಿನ ಜಾಗವೂ ಖಾಲಿ. ಅದು ನರಗುಂದದವನ ಜಾಣತನ: ತನ್ನ ಹೆಸರಿಗೆ ಮಾಡಿಸಿಕೊಂಡರೆ ಗಾಡಿ ಎರಡನೇ ಕೈಯಾಗುತ್ತದೆ, ಕಿಮ್ಮತ್ತು ಬೀಳುತ್ತದೆ. ಹಾಗೇ ಬಿಟ್ಟರೆ ಮೊಬೈಲಿನಲ್ಲಿ ಕೆಎ-26ರ ಆ ನಂಬರು ಒತ್ತಿದಾಗಲೆಲ್ಲ ಒಬ್ಬನೇ ಮಾಲೀಕ, ಸಿಂಗಲ್ ಹ್ಯಾಂಡ್. ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ಕಾಯ್ದೆ ಹೇಳುತ್ತದೆ. ಗಾಡಿ ಎಷ್ಟು ಕೈ ದಾಟಿದರೂ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವನದೇ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮವನು ರೊಕ್ಕ ಎಣಿಸುತ್ತಿದ್ದ.

ವರ್ಷ ತಿರುಗುವುದರೊಳಗೆ ಬೆಂಗಳೂರಿನ ಸಂಚಾರಿ ಪೊಲೀಸರಿಂದ ಅವನ ಮೊಬೈಲಿಗೆ ನೋಟಿಸು ಬಂತು: ಸಿಗ್ನಲ್ ಹಾರಿದ್ದು, ಸೀಟ್ ಬೆಲ್ಟ್ ಇಲ್ಲ, ದಂಡ ಕಟ್ಟಿ. ಗಾಡಿ ನರಗುಂದದಿಂದ ಗಜೇಂದ್ರಗಡಕ್ಕೆ ಹೋಗಿ, ಅಲ್ಲಿಂದ ಯಾರ ಕೈಗೆ ಬಿದ್ದು ಬೆಂಗಳೂರು ಸೇರಿತೋ ಶಿವನೇ ಬಲ್ಲ. ನಾವೆಲ್ಲ ಅಂಗಡಿಗೆ ಓಡಿ ಹೋಗಿ, ದಂಡ ಹೋಗಲಿ, ನಾಳೆ ಆ ಗಾಡಿ ಯಾರಿಗಾದರೂ ಹೊಡೆದರೆ ಕೋರ್ಟಿಗೆ ಓಡಾಡುವವನು ನೀನೇ, ಇವತ್ತೇ ಗದಗಿಗೆ ಹೋಗಿ ಆರ್‌ಟಿಒ ಕಾಣು ಎಂದು ಬೈದೆವು. ಅವನ ಕಿವಿಗೆ ಯಾವುದೂ ಬೀಳಲಿಲ್ಲ. ನೋಟಿಸಿನ ಜೊತೆ ಬಂದಿದ್ದ ಕ್ಯಾಮೆರಾದ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ.

“ಬಂಪರ್ ನೋಡ್ರಿಲ್ಲೆ! ಎಡಗಡೆ ಕನ್ನಡಿ ನೋಡ್ರಿ, ದಾರ ಕಟ್ಯಾನ ಮಗಾ! ಹಿಂಗ ಇಟಗೊಂಡ್ರ ನಾಳೆ ಯಾರ ತಗೋತಾರ ಇದನ್ನ?”