ಶಿರಾದ ಸೈಟಿಗೆ ರೆಕ್ಕೆ
ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾ ಕಡೆಗೇ ಬರಲಿ ಎಂಬ ಬೇಡಿಕೆ ಎದ್ದದ್ದೇ ತಡ, ಬ್ರೋಕರುಗಳ ಬಾಯಲ್ಲಿ ವಿಮಾನ ಇಳಿದೇಬಿಟ್ಟಿತು. ರಾಷ್ಟ್ರೀಯ ಹೆದ್ದಾರಿ 48ರ ಅಕ್ಕಪಕ್ಕದ ಕಡಲೆಕಾಯಿ ಹೊಲಗಳಲ್ಲಿ ಈಗ ಮೊಳೆಯುವುದು ಸೈಟಿನ ಕಲ್ಲು. 'ಬೆಂಗಳೂರು ಇಲ್ಲೇ ಸಾರ್' ಎನ್ನುತ್ತಾರೆ. ಹೌದು, ಬರೀ 120 ಕಿಲೋಮೀಟರು! ಹೆದ್ದಾರಿಯಿದೆ, ನಡುರಾತ್ರಿಯೂ ಬಸ್ಸು ಸಿಗುತ್ತದೆ, ಒಪ್ಪಲೇಬೇಕು. ಬಡಾವಣೆಗೆ ಮಾತ್ರ ಹೆಸರು ಮೊದಲು, ರಸ್ತೆ ಆಮೇಲೆ, ನೀರು ಟ್ಯಾಂಕರಿನವನ ಮರ್ಜಿ.

ಪಾವಗಡದ್ದು ಬೇರೆಯೇ ವರಸೆ. ಅಲ್ಲಿ ಬೆಳೆದದ್ದು ಮನೆಗಳಲ್ಲ, ಫಲಕಗಳು. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕು. ತಲೆಮಾರುಗಟ್ಟಲೆ ಬೆಳೆ ಸುಟ್ಟ ಬಿಸಿಲೇ ಈಗ ಬಾಡಿಗೆ ಕೊಡುತ್ತಿದೆ: ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಜಮೀನಿದ್ದವರು ಜಗಲಿಯಲ್ಲಿ ಕೂತು ಎಣಿಸಿಕೊಂಡರು. ಕೂಲಿಯವರ ಪಾಡು? ಫಲಕಕ್ಕೆ ಕಳೆ ಬೆಳೆಯುವುದಿಲ್ಲವಲ್ಲ!

ಮಧುಗಿರಿ, ಕೊರಟಗೆರೆಯವರಿಗೆ ರೈಲಿನ ಧ್ಯಾನ. ತುಮಕೂರು–ರಾಯದುರ್ಗ ಮಾರ್ಗ ಮಂಜೂರಾದದ್ದು 2007-08ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳು ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡೇ ಕಾಲೇಜು ಸೇರಿದರು. ಸೈಟು ಮಾರುವವರಿಗೆ ಅದರ ಚಿಂತೆಯಿಲ್ಲ. ಅವರ ನಕ್ಷೆಯಲ್ಲಿ ಸ್ಟೇಷನ್ನಿಗೆ ಐದೇ ನಿಮಿಷ.