ಮುಳುಗಿಸುವ ಮುನ್ನ ಮೈ ತೊಳೆದರು

ಅಮೆರಿಕದ ಯುದ್ಧನೌಕೆ ಫೋರ್ಡ್ 2013ರಲ್ಲಿ ನಿವೃತ್ತಿಯಾಯಿತು. 2019ರ ಅಕ್ಟೋಬರ್ 1ರಂದು ‘ಪೆಸಿಫಿಕ್ ಗ್ರಿಫಿನ್’ ಸಮರಾಭ್ಯಾಸದಲ್ಲಿ ಸಿಂಗಪುರ ಮತ್ತು ಅಮೆರಿಕದ ನೌಕಾಪಡೆಗಳು ಸೇರಿ ಅದನ್ನು ಗುವಾಂ ದ್ವೀಪದಾಚೆ ಗುರಿಯಿಟ್ಟು ಹೊಡೆದು ಮುಳುಗಿಸಿದವು. ನಮ್ಮ ಪ್ರಶ್ನೆ ಹೊರಟದ್ದು ಸಿಂಗಪುರದ ಈಸ್ಟ್ ಕೋಸ್ಟ್ ಪಾರ್ಕಿನ ಬೆಂಚಿನಿಂದ, ಉತ್ತರ ಬಂದದ್ದು ಕಡಲ ತಳದಿಂದ.

ಪ್ರಶ್ನೆ: ನಮಸ್ಕಾರ ಫೋರ್ಡ್ ಅವರೇ. ಕಾರು ಕಂಪನಿಯ ಫೋರ್ಡಾ ತಾವು?

ಉತ್ತರ: ಎಲ್ಲರೂ ಅದನ್ನೇ ಕೇಳ್ತಾರೆ. ಇಲ್ಲಾಂದ್ರೆ ಅಧ್ಯಕ್ಷ ಫೋರ್ಡ್ ಅಂತಾರೆ. ಅವರ ಹೆಸರಿನ ವಿಮಾನವಾಹಕ ನೌಕೆ ಬೇರೆ, ಅದು ದೊಡ್ಡವರ ಮನೆ. ನನಗಿಟ್ಟಿದ್ದು ಪ್ಯಾಟ್ರಿಕ್ ಫೋರ್ಡ್ ಅನ್ನೋ ನಾವಿಕನ ಹೆಸರು. 1968ರಲ್ಲಿ ವಿಯೆಟ್ನಾಂನಲ್ಲಿ ಜೊತೆಗಾರರನ್ನು ಉಳಿಸಿ ಪ್ರಾಣ ಬಿಟ್ಟವನು.

ಪ್ರಶ್ನೆ: ಸಿಂಗಪುರದವರ ಮೇಲೆ ಸಿಟ್ಟಿದೆಯಾ?

ಉತ್ತರ: ಸಿಟ್ಟು ಯಾಕೆ? ಫಾರ್ಮಿಡಬಲ್, ಇಂಟ್ರೆಪಿಡ್ ಅಂತ ಎರಡು ನೌಕೆ ಅಷ್ಟು ದೂರದಿಂದ ಬಂದಿದ್ದವು. ಬರಿಗೈಯಲ್ಲಿ ಬರಬಾರದು ಅಂತ ಹಾರ್ಪೂನ್ ಕ್ಷಿಪಣಿ ತಂದಿದ್ದವು. ಅದೂ ಅಮೆರಿಕದ್ದೇ ಸರಕು.

ಪ್ರಶ್ನೆ: ಸಿಂಗಪುರದವರು ತಮ್ಮ ಕಡಲಲ್ಲೇ ಮುಳುಗಿಸಬಹುದಿತ್ತಲ್ಲ?

ಉತ್ತರ: ಯಾವ ಕಡಲು ಸ್ವಾಮಿ? ತಲೆ ಎತ್ತಿ ನೋಡಿ. ಟ್ಯಾಂಕರು, ಕಂಟೇನರು ಒಂದರ ಹಿಂದೊಂದು, ಥೇಟ್ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಗುರಿ ಒಂದಿಷ್ಟು ಉತ್ತರಕ್ಕೆ ಜರುಗಿದರೆ ಮಲೇಷ್ಯ, ದಕ್ಷಿಣಕ್ಕೆ ಜರುಗಿದರೆ ಇಂಡೋನೇಷ್ಯ. ನೀವು ಕೂತಿರೋ ಪಾರ್ಕೇ ಸಮುದ್ರಕ್ಕೆ ಮಣ್ಣು ಸುರಿದು ಮಾಡಿದ್ದು. ಅಮೆರಿಕದ ನಿಯಮ ನೋಡಿದರೆ ದಡದಿಂದ ಕನಿಷ್ಠ 50 ನಾಟಿಕಲ್ ಮೈಲಿ ದೂರ, ಕನಿಷ್ಠ 6,000 ಅಡಿ ಆಳ ಬೇಕು. ಲೋಕದ ಹಡಗುಗಳಿಗೆಲ್ಲ ಜಾಗ ಕೊಡೋ ಊರಲ್ಲಿ ಒಂದು ಹಡಗು ಮುಳುಗೋಕೆ ಜಾಗವಿಲ್ಲ.

ಪ್ರಶ್ನೆ: ಕೊನೆಯ ದಿನಗಳು ಹೇಗಿದ್ದವು?

ಉತ್ತರ: ಅಂಥ ಉಪಚಾರ ಸೇವೆಯಲ್ಲಿದ್ದಾಗಲೂ ಕಂಡಿರಲಿಲ್ಲ. ಟ್ಯಾಂಕಿನ ಎಣ್ಣೆ ಬಸಿದರು, ಪೈಪು ತೊಳೆದರು, ಪಾದರಸ ಹುಡುಕಿ ತೆಗೆದರು, ಕಸ ಗುಡಿಸಿದರು. ಮೀನುಗಳ ಆರೋಗ್ಯ ಕೆಡಬಾರದಂತೆ. ಆಮೇಲೆ ಕ್ಷಿಪಣಿ ಬಿಟ್ಟರು.

ಪ್ರಶ್ನೆ: ಅಂದರೆ ವಿಷವೆಲ್ಲ ಹೋಯಿತು?

ಉತ್ತರ: ನಾನು 1985ರವನು, ನನ್ನ ಮಾತು ಬಿಡಿ. ನನಗಿಂತ ಹಿರಿಯರ ಕೇಬಲ್ಲು, ಗ್ಯಾಸ್ಕೆಟ್ಟು, ಬಣ್ಣದಲ್ಲೆಲ್ಲ ಪಿಸಿಬಿ ಅನ್ನೋ ರಾಸಾಯನಿಕ ಸೇರಿಕೊಂಡಿರುತ್ತೆ. ಗುಡಿಸಿದರೆ ಹೋಗೋದಲ್ಲ ಅದು. 2011ರಲ್ಲಿ ಪರಿಸರ ಸಂಘಟನೆಗಳು ಕೋರ್ಟಿಗೆ ಹೋಗಿದ್ದು ಅದಕ್ಕೇ. ಮೀನುಗಳ ಕಡೆಯಿಂದ ಯಾರೂ ಹೇಳಿಕೆ ಕೊಟ್ಟಿಲ್ಲ.

ಪ್ರಶ್ನೆ: ಇಷ್ಟೆಲ್ಲ ಮಾಡಿ ಅವರು ಕಲಿತದ್ದೇನು?

ಉತ್ತರ: ಓಡದ, ತಿರುಗಿ ಹೊಡೆಯದ ಶತ್ರುವನ್ನು ಗೆಲ್ಲೋದು! ಎಂಜಿನ್ ಓಡ್ತಿರಲಿಲ್ಲ, ಒಳಗೆ ನರಪಿಳ್ಳೆ ಇರಲಿಲ್ಲ. ತಮಾಷೆಗೆ ಅಂದೆ. ಕಂಪ್ಯೂಟರ್ ಪರದೆಯ ಮೇಲೆ ಹೊಡೆದದ್ದು ಗುರಿ ಮುಟ್ಟಿದರೆ ಏನು ಬಂತು? ಉಗ್ರಾಣದಲ್ಲಿ ವರ್ಷಗಟ್ಟಲೆ ಮಲಗಿದ್ದ ಕ್ಷಿಪಣಿ ನಿಜಕ್ಕೂ ಏಳುತ್ತಾ, ಉಕ್ಕು ಎಲ್ಲಿ ಹರಿಯುತ್ತೆ, ಹಡಗು ಎಷ್ಟು ಹೊತ್ತು ತಡ್ಕೊಳ್ಳುತ್ತೆ ಅನ್ನೋದು ನಮ್ಮಂಥವರ ಮೈಮೇಲೇ ಗೊತ್ತಾಗಬೇಕು. ನಮ್ಮದೇ ಪಡೆಯ ಗೇಬ್ರಿಯಲ್ ಗಿಫರ್ಡ್ಸ್ ನೌಕೆ ನಾರ್ವೆಯ ಹೊಸ ಕ್ಷಿಪಣಿಯನ್ನು ಅವತ್ತು ನನ್ನ ಮೇಲೇ ಪರೀಕ್ಷೆ ಮಾಡಿತು. ನೆಂಟರಿಗಿಂತ ಮನೆಯವರ ಏಟೇ ಜೋರು.

ಪ್ರಶ್ನೆ: ನಮ್ಮ ಕಾರವಾರದಲ್ಲಿ ನಿವೃತ್ತ ಐಎನ್‌ಎಸ್ ಚಪಲ್ ನೌಕೆಯನ್ನು ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ತಮಗೂ ಅಂಥ ಯೋಗ ಬರಬಹುದಿತ್ತು.

ಉತ್ತರ: ಮಕ್ಕಳು ಹತ್ತಿ ಇಳಿಯೋದು, ಸೆಲ್ಫಿ ತೆಗೆಯೋದು, ಉಪ್ಪುಗಾಳಿಗೆ ಮೈಯೊಡ್ಡಿ ನಿಲ್ಲೋದು... ಬೇಡಪ್ಪ, ಇಲ್ಲೇ ತಣ್ಣಗಿದ್ದೀನಿ. ಅಂದ ಹಾಗೆ, ಟಿಕೆಟ್ ಎಷ್ಟಂತೆ ಅಲ್ಲಿ?