ಬೆಕ್ಕು ಬರುವ ತನಕ

ಕೆಲಸವಿಲ್ಲದ ಬಡಿಗ ಮಗನ ಕುಂಡಿ ಕೆತ್ತಿದ ಅಂತ ಗಾದೆ. ಆ ಹೊತ್ತಿಗೆ ಅವನ ಕೈಗೆ ಉಳಿಯ ಬದಲು ಮೊಬೈಲ್ ಸಿಕ್ಕಿದ್ದರೆ ಮಗುವಿನ ಚರ್ಮ ಉಳಿಯುತ್ತಿತ್ತು. ಬಡಿಗ ಕಟ್ಟೆಯ ಮೇಲೆ ಕೂತು ಬೆಕ್ಕು ಸಾಕಿಕೊಂಡಿರುತ್ತಿದ್ದ. ಮೊಬೈಲಿನೊಳಗಿನ ಬೆಕ್ಕಿಗೆ ಬೆರಳಿನಿಂದ ತಿನಿಸು ಹಾಕುವುದು, ಅದು ತಿಂದಿತೋ ಇಲ್ಲವೋ ಅಂತ ಮತ್ತೆ ತೆಗೆದು ನೋಡುವುದು, ಆಟವೆಂದರೆ ಇಷ್ಟೇ. ಸೋಲಿಲ್ಲ, ಗೆಲುವಿಲ್ಲ, ಸಂತೆಯಲ್ಲಿ ಹೇಳಿಕೊಳ್ಳುವಂಥ ಪರಾಕ್ರಮವಂತೂ ಇಲ್ಲವೇ ಇಲ್ಲ. ಅದಕ್ಕೇ ನೋಡುವವರ ಮೈ ಉರಿಯುತ್ತದೆ. “ಮನ್ಯಾಗಿನ ಬೆಕ್ಕು ಒಲಿ ಮುಂದ ಒದರಾಕ ಹತ್ತೇತಿ, ಇವ ಗಾಜಿನ ಬೆಕ್ಕಿಗೆ ಮೀನ ಹಾಕಾಕ ಹತ್ಯಾನ” ಎಂಬುದು ರಾಮದುರ್ಗ ಸೀಮೆಯ ಸುರೇಬಾನದ ಕಡೆಯ ಯಾವ ಅವ್ವನ ಬಾಯಲ್ಲಾದರೂ ಬರಬಹುದಾದ ಆರೋಪಪಟ್ಟಿ. ನಾನು ಇಲ್ಲಿ ಆರೋಪಿಯ ಪರ ವಕಾಲತ್ತು ಹಾಕಿದ್ದೇನೆ. ಬೆಕ್ಕು ಹುಸಿ ಎಂಬ ಒಂದೇ ಕಾರಣಕ್ಕೆ ಆಟ ಕೆಟ್ಟದ್ದಾಗುವುದಿಲ್ಲ. ಒಳ್ಳೆಯ ಹುಸಿಬೆಕ್ಕು ಯಾವುದು, ಕೆಟ್ಟ ಹುಸಿಬೆಕ್ಕು ಯಾವುದು ಎಂದು ಅಳೆಯಲು ಬೇರೆ ಕೋಲು ಬೇಕು. ಆ ಕೋಲು ಸುರೇಬಾನದ ಮಗ್ಗುಲಲ್ಲೇ ಇದೆ.

ಮೊದಲು ಹುಸಿಯ ವಿಚಾರ ಮುಗಿಸೋಣ. ರಾಮದುರ್ಗ, ಸವದತ್ತಿ, ಬೈಲಹೊಂಗಲದ ಸೀಮೆಯಲ್ಲಿ ಹುಸಿ ಪ್ರಾಣಿ ಸಾಕುವುದನ್ನು ಯಾವ ಕಂಪನಿಯೂ ಬಂದು ಕಲಿಸಬೇಕಾಗಿಲ್ಲ. ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕರಿ ಹರಿಸುತ್ತಾರೆ. ಅದಾಗಿ ಹದಿನೈದು ದಿನಕ್ಕೆ ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಅಂದು ಎರೆಮಣ್ಣು ಕಲಸಿ ಜೋಡೆತ್ತು ಮಾಡಬೇಕು, ಅವುಗಳ ಮುಂದೆ ಮಣ್ಣಿನದೇ ಗ್ವಾದಲಿ, ಅಂದರೆ ಮೇವಿನ ತೊಟ್ಟಿ, ಇಡಬೇಕು, ಪೂಜೆ ಮಾಡಿ ಹೋಳಿಗೆ ತೋರಿಸಬೇಕು. ಮಣ್ಣೆತ್ತು ಎಷ್ಟು ತಿನ್ನುತ್ತದೆ? ಗಾಜಿನ ಬೆಕ್ಕು ತಿಂದಷ್ಟೇ. ಮಣ್ಣೆತ್ತಿನ ಪರವಾಗಿ ಒಂದು ಮಾತು ಹೆಚ್ಚಿಗೆ ಹೇಳಬಹುದು: ಅದು ಬಿಟ್ಟ ಹೋಳಿಗೆ ಮಾಡಿದವರ ಹೊಟ್ಟೆಗೇ ಬರುತ್ತದೆ, ಮೊಬೈಲಿಗೆ ಹಾಕಿದ ಮೀನು ಬರುವುದಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ, ಭಾದ್ರಪದಕ್ಕೆ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ವರ್ಷಕ್ಕೆ ಐದು ಸಲ ಹೊಸ ಆವೃತ್ತಿ ಹೊರಡಿಸುವ ಈ ಆಟದ ಮುಂದೆ ಇಂದಿನ ಆ್ಯಪ್‌ಗಳು ಇನ್ನೂ ಅಂಬೆಗಾಲಿಡುತ್ತಿವೆ. ಗೋಡೆಯ ಆಚೆ ನಿಜದ ಎತ್ತು ಮೇವು ಮೆಲ್ಲುತ್ತಿರುವಾಗಲೇ ಒಳಗೆ ಮಣ್ಣೆತ್ತಿಗೆ ನೈವೇದ್ಯ ಮಾಡಿದ ಒಕ್ಕಲಿಗನನ್ನು ತಲೆಕೆಟ್ಟವನೆಂದು ಯಾರೂ ಅನ್ನಲಿಲ್ಲ.

ಇದಕ್ಕೆ ಬಲವಾದ ಆಕ್ಷೇಪ ಎಲ್ಲಿಂದ ಬರುತ್ತದೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಬಸವಣ್ಣನವರ ಕಲ್ಲನಾಗರದ ವಚನ ಎದ್ದು ನಿಲ್ಲುತ್ತದೆ. ಕಲ್ಲಿನ ಹಾವಿಗೆ ಹಾಲು, ನಿಜವಾದ ಹಾವಿಗೆ ಬಡಿಗೆ ಎಂಬ ನಮ್ಮ ಇಬ್ಬಗೆಯನ್ನು ಅದು ಎಂದೋ ಹಿಡಿದು ಹಾಕಿದೆ. ಗಾಜಿನ ಬೆಕ್ಕಿಗೆ ಮೀನು, ನಿಜದ ಬೆಕ್ಕಿಗೆ ಕಸಬರಿಗೆ ಎನ್ನುವವರಿಗೆ ಆ ವಚನ ಇಂದೂ ನೇರವಾಗಿ ತಾಗುತ್ತದೆ. ಆದರೆ ಗಮನಿಸಿ, ಅಲ್ಲಿ ತಪ್ಪಿತಸ್ಥ ಕಲ್ಲಲ್ಲ. ಇನ್ನೊಂದು ಕೈಯಲ್ಲಿರುವ ಬಡಿಗೆ. ಕಾರಹುಣ್ಣಿಮೆ ಮಾಡಿದವನಿಗೆ ಮಣ್ಣೆತ್ತಿನ ಅಮಾವಾಸ್ಯೆ ಮಾಡುವ ಹಕ್ಕಿದೆ, ಏಕೆಂದರೆ ಅವನು ದಿಟದ ಎತ್ತಿನ ಲೆಕ್ಕ ಮೊದಲೇ ಚುಕ್ತಾ ಮಾಡಿದ್ದಾನೆ. ಇನ್ನು ಬೆಕ್ಕು ದಿಟದ್ದಾದ ಮಾತ್ರಕ್ಕೆ ಸಾಕಣೆಯೂ ದಿಟವಾಗುತ್ತದೆ ಎಂಬ ಭ್ರಮೆ ಬೇಡ. ತೆನಾಲಿ ರಾಮಕೃಷ್ಣನ ಕಥೆ ನೆನೆಯಿರಿ. ಅರಸ ಬೆಕ್ಕನ್ನೂ ಕೊಟ್ಟ, ಹಾಲಿಗೆ ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು, ಬೆಕ್ಕು ಹಾಲು ಕಂಡರೆ ಓಟ ಕೀಳುವಂತೆ ಮಾಡಿ, ಹಸುವಿನ ಹಾಲನ್ನೆಲ್ಲ ತಾನೇ ಕುಡಿದ. ಬೆಕ್ಕು ನಿಜ, ಹಾಲು ನಿಜ, ಅರಸನ ಅಪ್ಪಣೆಯೂ ನಿಜ. ಸಾಕಿದ್ದು ಮಾತ್ರ ಶುದ್ಧ ಸುಳ್ಳು. ಗಾಜಿನ ಬೆಕ್ಕಿನವನು ಕಡೇಪಕ್ಷ ಯಾರ ಮೂತಿಯನ್ನೂ ಸುಡುವುದಿಲ್ಲ.

ಹಾಗಾದರೆ ಎಲ್ಲ ಹುಸಿಬೆಕ್ಕುಗಳೂ ಒಂದೇ ಏನು? ಅಲ್ಲ. ಈ ವಂಶದ ಹಿರಿಯ ತಮಗೋಚಿ. 1996ರ ನವೆಂಬರಿನಲ್ಲಿ ಜಪಾನಿನ ಬಂದಾಯ್ ಕಂಪನಿ ಮಾರಾಟಕ್ಕೆ ತಂದ, ಮೊಟ್ಟೆಯಾಕಾರದ, ಮುಷ್ಟಿಯೊಳಗೆ ಹಿಡಿಯುವಂಥ ಆಟಿಗೆ. ಅದರೊಳಗಿನ ಮರಿ ಹಸಿದರೆ ಕೂಗುತ್ತಿತ್ತು, ಹೇಲಿದರೆ ಬಳಿಯಬೇಕಿತ್ತು, ಅಲಕ್ಷ್ಯ ಮಾಡಿದರೆ ಸತ್ತೇ ಹೋಗುತ್ತಿತ್ತು. ಮಕ್ಕಳು ಅದನ್ನು ಶಾಲೆಗೆ ಒಯ್ದು, ಪಾಠದ ನಡುವೆ ಅದು ಕೂಗಿ, ಹಲವು ದೇಶಗಳ ಶಾಲೆಗಳು ಅದನ್ನು ನಿಷೇಧಿಸಿದವು. ಆಮೇಲೆ ಬಂದದ್ದು ಸ್ಲೊವೇನಿಯಾದ ಔಟ್‌ಫಿಟ್7 ಕಂಪನಿಯ ಟಾಕಿಂಗ್ ಟಾಮ್. 2010ರ ಈ ಬೂದು ಬೆಕ್ಕು ನಾವು ಆಡಿದ್ದನ್ನೇ ಕೀಚು ದನಿಯಲ್ಲಿ ತಿರುಗಿ ಆಡುತ್ತದೆ, ಮುಖಕ್ಕೆ ಬೆರಳು ಬಡಿದರೆ ಬೀಳುತ್ತದೆ. 2013ರಲ್ಲಿ ಬಂದ ಅದರ ಸಾಕುವ ಆಟದಲ್ಲಿ ಉಣಿಸಿ, ಜಳಕ ಮಾಡಿಸಿ, ಮಲಗಿಸಬೇಕು. ಎರಡರಲ್ಲೂ ನನಗೆ ಕಾಣುವ ಐಬು ಒಂದೇ, ಆಳು-ಧಣಿಯ ಸಂಬಂಧ. ತಮಗೋಚಿ ನಮ್ಮನ್ನು ಆಳು ಮಾಡುತ್ತದೆ, ಟಾಮ್ ನಮ್ಮನ್ನು ಧಣಿ ಮಾಡುತ್ತದೆ. ಕರೆದಾಗಲೆಲ್ಲ ಓಡುವುದು ಒಂದರಲ್ಲಿ, ಬೇಕಾದಂತೆ ಕುಣಿಸುವುದು ಇನ್ನೊಂದರಲ್ಲಿ. ಹೇಳಿದ್ದನ್ನೇ ತಿರುಗಿ ಹೇಳುವ ಪ್ರಾಣಿಗೆ ಬೆಕ್ಕೆಂದು ಹೆಸರಿಡುವುದು ಬೆಕ್ಕಿನ ಜಾತಿಗೇ ಮಾಡಿದ ಅವಮಾನ. ಆ ಕೆಲಸಕ್ಕೆ ಗಿಳಿ ಇದೆ, ಎಲ್ಲ ಸಭೆಗಳಲ್ಲೂ ನಾಲ್ಕಾರು ಮಂದಿ ಮನುಷ್ಯರೂ ಸಿಗುತ್ತಾರೆ.

ಬೆಕ್ಕನ್ನು ಸರಿಯಾಗಿ ಅರ್ಥ ಮಾಡಿಕೊಂಡ ಆಟ ಕ್ಯೋಟೋದ ಹಿಟ್-ಪಾಯಿಂಟ್ ಕಂಪನಿ 2014ರಲ್ಲಿ ತಂದ ನೆಕೊ ಅತ್ಸುಮೆ. ಹೆಸರಿನ ಅರ್ಥ ‘ಬೆಕ್ಕು ಕೂಡಿಸುವುದು’. ಅಂಗಳದಲ್ಲಿ ತಿನಿಸಿನ ಬಟ್ಟಲು ಇಡಬೇಕು, ನೂಲಿನುಂಡೆಯನ್ನೋ ರಟ್ಟಿನ ಡಬ್ಬಿಯನ್ನೋ ಇಡಬೇಕು, ಆಮೇಲೆ ಮೊಬೈಲ್ ಮುಚ್ಚಿ ತಮ್ಮ ಕೆಲಸಕ್ಕೆ ಹೋಗಬೇಕು. ನಾವು ಕಣ್ಣಿಟ್ಟು ಕೂತೆವೆಂದು ಬೆಕ್ಕು ಬೇಗ ಬರುವುದಿಲ್ಲ. ಬಂದರೂ ಎತ್ತಿ ಮುದ್ದಿಸುವಂತಿಲ್ಲ; ನೋಡಬಹುದು, ಫೋಟೊ ತೆಗೆಯಬಹುದು. ಹೋಗುವಾಗ ಅದು ಮೀನಿನ ರೂಪದಲ್ಲಿ ಒಂದಿಷ್ಟು ಕಾಣಿಕೆ ಬಿಡುತ್ತದೆ. ಟಬ್ಸ್ ಎಂಬ ದಪ್ಪ ಬಿಳಿಯ ಬೆಕ್ಕು ಬಂದರೆ ಇಡೀ ಬಟ್ಟಲು ಬರಿದು ಮಾಡಿ, ಮದುವೆಮನೆಯ ಬೀಗನಂತೆ ಅಲ್ಲೇ ಒರಗುತ್ತದೆ. ಮೊದಲ ವರ್ಷ ಆಟ ಬರೀ ಜಪಾನಿ ಭಾಷೆಯಲ್ಲಿತ್ತು. ಆ ಭಾಷೆಯ ಗಂಧವಿಲ್ಲದವರೂ ಆಡಿದರು. ಕಾಯುವುದಕ್ಕೆ ವ್ಯಾಕರಣ ಬೇಡವಲ್ಲ! ಸುರೇಬಾನ ನೇಕಾರರ ಊರು. ಅಂಥ ಊರಿಗೆ ಈ ಆಟದ ನೀತಿ ಹೊಸದಲ್ಲ. ನೂಲಿರುವ ಮನೆಗೆ ಇಲಿಯ ಕಾಟ, ಇಲಿಯಿರುವ ಮನೆಗೆ ಬೆಕ್ಕಿನ ಭೇಟಿ. ‘ನಮ್ಮ ಬೆಕ್ಕು’ ಎಂದು ನಾಲ್ಕು ಮನೆಯವರು ಒಂದೇ ಬೆಕ್ಕನ್ನು ತೋರಿಸುತ್ತಾರೆ, ಬೆಕ್ಕು ನಾಲ್ಕೂ ಮನೆಯ ಹಾಲು ಕುಡಿದು ಯಾರ ಮಾತನ್ನೂ ಅಲ್ಲಗಳೆಯುವುದಿಲ್ಲ.

ನಾನು ಹೇಳಿದ ಅಳತೆಗೋಲು ಇಲ್ಲಿದೆ. ಸುರೇಬಾನದ ಹತ್ತಿರದ ಗುಡ್ಡಗಳ ನಡುವೆ ಶಬರಿಕೊಳ್ಳವಿದೆ. ಮುದುಕಿ ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎಂದು ಈ ಭಾಗದ ನಂಬಿಕೆ. ಹಂಪಿ ಕಡೆಯ ಪಂಪಾಸರೋವರದವರೂ ಅದೇ ಮಾತು ಹೇಳುತ್ತಾರೆ, ಆ ವ್ಯಾಜ್ಯ ನಮಗೆ ಬೇಡ. ಕನ್ನಡದಲ್ಲಿ ಕಾಯುವುದಕ್ಕೆ ಶಬರಿಗಿಂತ ದೊಡ್ಡ ಮಾಪು ಇಲ್ಲ. ಅವಳು ಮಾಡಿದ್ದಾದರೂ ಏನು? ಹಾದಿ ಗುಡಿಸಿದಳು, ಬಾರಿಹಣ್ಣು ಆರಿಸಿಟ್ಟಳು, ಕಾದಳು. ಬರುವವನನ್ನು ಕೂಗಿ ಕರೆಯಲಿಲ್ಲ, ಬಂದವನನ್ನು ಕಟ್ಟಿಹಾಕಲಿಲ್ಲ. “ರಾಮ ಎಲ್ಲಿ, ಬೆಕ್ಕು ಎಲ್ಲಿ, ಹೋಲಿಸಾಕ ನಾಚಿಕಿ ಬರೂದಿಲ್ಲೇನು?” ಎಂದು ಹಿರಿಯರು ಗದರಬಹುದು. ಬರುತ್ತದೆ, ಅದಕ್ಕೇ ನಾನು ಬರುವವರನ್ನು ಹೋಲಿಸುತ್ತಿಲ್ಲ, ಕಾಯುವ ರೀತಿಯನ್ನು ಮಾತ್ರ ನೋಡುತ್ತಿದ್ದೇನೆ. ಬಡಿಸಿಟ್ಟು, ಬರುವುದು ಬಿಡುವುದನ್ನು ಅತಿಥಿಗೇ ಬಿಡುವುದು ಒಂದು ಸಂಸ್ಕಾರ. ಪಾರ್ಸೆಲ್ ಹತ್ತು ನಿಮಿಷ ತಡವಾದರೆ ಹುಡುಗನಿಗೆ ಮೂರು ಸಲ ಫೋನ್ ಮಾಡುವ ನಮಗೆ ಅದನ್ನು ಒಂದು ಬೆಕ್ಕು ನೆನಪಿಸಿದರೆ ನಷ್ಟವೇನಿಲ್ಲ. ಹೊತ್ತು ಹಾಳಲ್ಲವೇ ಎಂದರೆ, ಕಟ್ಟೆಯ ಮೇಲಿನ ಚೌಕಾಬಾರ, ಇಸ್ಪೀಟು, ಊರವರ ಸಂಸಾರದ ವಿಚಾರಣೆ ಇವೂ ಹೊತ್ತನ್ನು ನುಂಗಿಯೇ ಬೆಳೆದವು. ಬೆಕ್ಕಿನಾಟವಾದರೂ ನಿಮಿಷದೊಳಗೆ ಮುಗಿದು, ನಮ್ಮನ್ನು ಎದ್ದು ಹೋಗು ಅನ್ನುತ್ತದೆ. ರೊಕ್ಕದ ಮಾತು ಮಾತ್ರ ಖರೆ. ಬಂಗಾರದ ಮೀನನ್ನು ನಿಜವಾದ ದುಡ್ಡು ಕೊಟ್ಟು ಕೊಳ್ಳುವ ಬಾಗಿಲನ್ನು ಅಲ್ಲಿಯೂ ತೆರೆದಿಟ್ಟಿದ್ದಾರೆ. ದುಡ್ಡು ಕೊಟ್ಟು ಕಾಯುವಿಕೆಯನ್ನು ಮೊಟಕು ಮಾಡಿದವನು ಆಟದಲ್ಲಿದ್ದ ಒಂದೇ ಒಂದು ಒಳ್ಳೆಯದನ್ನು ಕೈಯಾರೆ ಮಾರಿಕೊಂಡಂತೆ.

ಒಂದು ಕಡೆ ಮಾತ್ರ ನನ್ನ ಕಕ್ಷಿದಾರ ಸೋಲುತ್ತಾನೆ, ಒಪ್ಪಿಕೊಳ್ಳುತ್ತೇನೆ. ಮಣ್ಣೆತ್ತಿಗೆ ಮುಗಿಯುವ ದಿನವಿದೆ. ಅಮಾವಾಸ್ಯೆಯ ಮರುದಿನ ಮಕ್ಕಳು ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆಯೆಂದು ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ನಿನ್ನೆ ಕೈಮುಗಿಸಿಕೊಂಡದ್ದು ಇಂದು ಭಿಕ್ಷೆಗೆ ಹೊರಡುತ್ತದೆ, ಕಡೆಗೆ ಮಣ್ಣು ಮಣ್ಣಿಗೆ ಸೇರುತ್ತದೆ. ಹುಸಿಯನ್ನು ಮನಸಾರೆ ಸಾಕಿ, ಹೊತ್ತಿಗೆ ಸರಿಯಾಗಿ ಕೈಬಿಡುವ ಜಾಣತನ ಅದು. ಮೊಬೈಲಿನ ಬೆಕ್ಕಿಗೆ ಅಂಥ ಅಮಾವಾಸ್ಯೆಯನ್ನು ಯಾರೂ ಗೊತ್ತು ಮಾಡಿಲ್ಲ, ಆಡುವವನೇ ಮಾಡಿಕೊಳ್ಳಬೇಕು. ಬಟ್ಟಲು ತುಂಬಿಸಿ ಮೊಬೈಲನ್ನು ಕಿಸೆಗೆ ಹಾಕಿದರೆ ಆಯಿತು, ಗಾಜಿನ ಬೆಕ್ಕು ಎಷ್ಟು ದಿನವಾದರೂ ತಾಳುತ್ತದೆ. ಒಲೆಯ ಮುಂದೆ ಒದರುತ್ತಿರುವುದಕ್ಕೆ ಮಾತ್ರ ಆ ತಾಳ್ಮೆ ಇಲ್ಲ. ಅದು ಆಗಲೇ ನೆಲುವಿನ ಎತ್ತರ ಅಳೆಯುತ್ತಿದೆ.